₹100ರ ದಂಡ ಮತ್ತು ಮಕ್ಕಳೊಡನೆ ಸ್ವಯಂಸೇವೆ: ಒಂದು ಅರ್ಜಿಯ ಪ್ರಕರಣ ಅಧ್ಯಯನ

ಭಾರತದ ಕಾನೂನಿನಡಿ ಸಣ್ಣ ಅಪರಾಧವೊಂದಕ್ಕೆ ದಂಡ ಕಟ್ಟಿದ ವ್ಯಕ್ತಿ ವರ್ಷಗಳ ನಂತರ ಮಕ್ಕಳ ನಡುವೆ ಸ್ವಯಂಸೇವಕನಾಗಿ ಕೆಲಸ ಮಾಡಲು ಬಂದರೆ ಏನಾಗುತ್ತದೆ ಎಂಬುದು ಈ ಅಧ್ಯಯನದ ವಿಷಯ. ಇಲ್ಲಿನ ಅರ್ಜಿದಾರರೂ ಸಂಸ್ಥೆಯೂ ಅಧ್ಯಯನಕ್ಕಾಗಿ ಕಟ್ಟಿಕೊಂಡ ಮಾದರಿಗಳು. ಅವರ ಸುತ್ತ ಬರುವ ಕಾಯ್ದೆ, ಕಲಂ, ತೀರ್ಪುಗಳು ವಾಸ್ತವವಾದವು.

ಪ್ರಕರಣದ ಹಿನ್ನೆಲೆ

ಸಂಸ್ಥೆ 11ರಿಂದ 16 ವರ್ಷದ ಮಕ್ಕಳಿಗೆ ಸಂಜೆ ಪಾಠವನ್ನೂ ವಾರಾಂತ್ಯದಲ್ಲಿ ಆಟೋಟಗಳನ್ನೂ ನಡೆಸುತ್ತದೆ. ಅರ್ಜಿದಾರರಿಗೆ 33 ವರ್ಷ. ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ವಿಭಾಗದ ನೌಕರರು. ವಾರಕ್ಕೆ ಎರಡು ಸಂಜೆ ಗಣಿತ ಹೇಳಿಕೊಡುವುದಾಗಿಯೂ ಭಾನುವಾರ ಫುಟ್‌ಬಾಲ್ ಅಭ್ಯಾಸಕ್ಕೆ ನೆರವಾಗುವುದಾಗಿಯೂ ಅವರು ಅರ್ಜಿಯಲ್ಲಿ ಬರೆದಿದ್ದರು. ಅರ್ಜಿಯ ಎರಡನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ‘ನಿಮ್ಮ ವಿರುದ್ಧ ಎಂದಾದರೂ ಯಾವುದೇ ಕ್ರಿಮಿನಲ್ ಪ್ರಕರಣ ದಾಖಲಾಗಿದೆಯೇ ಅಥವಾ ಶಿಕ್ಷೆಯಾಗಿದೆಯೇ?’ ಅದರ ಮುಂದೆ ಅವರು ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದ್ದರು.

ಸಂಸ್ಥೆಯ ಸೂಚನೆಯಂತೆ ಅವರು ಪೊಲೀಸ್ ವೆರಿಫಿಕೇಷನ್‌ಗೆ ಅರ್ಜಿ ಹಾಕಿದಾಗ ಬಂದ ವರದಿಯಲ್ಲಿ ಒಂದು ನಮೂದು ಕಾಣಿಸಿಕೊಂಡಿತು. 2012ರಲ್ಲಿ, ಅವರು 20 ವರ್ಷದವರಿದ್ದಾಗ, ಅಂತರ ಕಾಲೇಜು ಪಂದ್ಯವೊಂದು ಮುಗಿದ ಮೇಲೆ ಮೈದಾನದ ಹೊರಗಿನ ರಸ್ತೆಯಲ್ಲಿ ಎರಡು ತಂಡಗಳ ಹುಡುಗರು ಕೈಕೈ ಮಿಲಾಯಿಸಿದ್ದರು. ಯಾರಿಗೂ ಹೇಳಿಕೊಳ್ಳುವಂಥ ಗಾಯವಾಗಿರಲಿಲ್ಲ. ಪೊಲೀಸರು ಎರಡೂ ಕಡೆಯವರ ಮೇಲೆ ಭಾರತೀಯ ದಂಡ ಸಂಹಿತೆಯ ಕಲಂ 160ರಡಿ, ಅಂದರೆ ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಶಾಂತಿ ಕದಡಿದ್ದಕ್ಕಾಗಿ, ಪ್ರಕರಣ ದಾಖಲಿಸಿದರು. ನ್ಯಾಯಾಲಯದಲ್ಲಿ ಎಲ್ಲರೂ ತಪ್ಪೊಪ್ಪಿಕೊಂಡು ತಲಾ ₹100 ದಂಡ ಕಟ್ಟಿದರು.

ಸಂಯೋಜಕಿ ಅರ್ಜಿದಾರರನ್ನು ಕರೆಸಿ, “ಸರ್, ಫಾರ್ಮಿನಲ್ಲಿ ‘ಇಲ್ಲ’ ಅಂತ ಹಾಕಿದ್ದೀರಿ, ಠಾಣೆಯ ವರದಿಯಲ್ಲಿ ಬೇರೆಯೇ ಇದೆಯಲ್ಲ” ಎಂದು ಕೇಳಿದಾಗ ಸಿಕ್ಕ ಉತ್ತರ ಇದು: “ಮೇಡಂ, ಅದನ್ನ ಶಿಕ್ಷೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ದಂಡ ಕಟ್ಟಿ ಮುಗಿಸಿಬಿಡಿ ಅಂತ ವಕೀಲರು ಹೇಳಿದರು, ಕಟ್ಟಿದ್ವಿ, ಸಂಜೆ ಬಸ್ಸಿಗೆ ಊರಿಗೆ ಹೋದ್ವಿ. ಮುಗೀತು ಅಂದುಕೊಂಡೆ.”

ದಂಡ ಕಟ್ಟಿದರೆ ಮುಗಿಯುವುದು ಏನು, ಉಳಿಯುವುದು ಏನು

ಈ ಉತ್ತರವನ್ನು ಸುಳ್ಳು ಎಂದು ತಳ್ಳಿಹಾಕುವ ಮುನ್ನ ಒಂದು ಮಾತನ್ನು ಗಮನಿಸಬೇಕು. ಸಣ್ಣ ಪ್ರಕರಣಗಳಲ್ಲಿ ಸಿಕ್ಕಿಕೊಂಡವರಲ್ಲಿ ಬಹಳಷ್ಟು ಮಂದಿ ನಂಬುವುದು ಇದನ್ನೇ. ಅಲೆದಾಟ ತಪ್ಪಿಸಲು ‘ಒಪ್ಪಿಕೊಂಡು ದಂಡ ಕಟ್ಟಿಬಿಡಿ’ ಎಂಬ ಸಲಹೆ ನ್ಯಾಯಾಲಯದ ಆವರಣದಲ್ಲಿ ಧಾರಾಳವಾಗಿ ಸಿಗುತ್ತದೆ. ಆದರೆ ತಪ್ಪೊಪ್ಪಿಗೆಯ ಮೇಲೆ ದಂಡ ವಿಧಿಸುವುದೆಂದರೆ ಕಾನೂನಿನ ದೃಷ್ಟಿಯಲ್ಲಿ ದೋಷಿ ಎಂದು ತೀರ್ಮಾನಿಸಿ ಶಿಕ್ಷೆ ಕೊಟ್ಟಂತೆಯೇ. ಜೈಲಿಗೆ ಹೋಗಲಿಲ್ಲ ಎಂಬುದರಿಂದ ಆ ತೀರ್ಮಾನ ಅಳಿಸಿಹೋಗುವುದಿಲ್ಲ. ತಾನಾಗಿ ಒಪ್ಪಿಕೊಂಡವನಿಗೆ ಆಮೇಲೆ ಮೇಲ್ಮನವಿಯ ದಾರಿಯೂ ಹೆಚ್ಚುಕಡಿಮೆ ಮುಚ್ಚಿರುತ್ತದೆ; ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯನ್ನಷ್ಟೇ ಪ್ರಶ್ನಿಸಬಹುದು.

ರಾಜಿಯ ಪರಿಣಾಮ ಇದಕ್ಕೆ ಪೂರ್ತಿ ಬೇರೆ. ಅಂದು ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 320ರ ಪ್ರಕಾರ ರಾಜಿಯಾಗಬಲ್ಲ ಅಪರಾಧದಲ್ಲಿ ರಾಜಿಯಾದರೆ ಆರೋಪಿ ಖುಲಾಸೆಯಾದಂತೆ. ದಂಡ ಸಂಹಿತೆಯ ಕಲಂ 323ರ ಸಾಮಾನ್ಯ ಹಲ್ಲೆಗೆ ಒಂದು ವರ್ಷದವರೆಗೆ ಸಜೆ ವಿಧಿಸಬಹುದಿತ್ತು, ಆದರೂ ಪೆಟ್ಟು ತಿಂದವನು ಒಪ್ಪಿದರೆ ಅದು ರಾಜಿಯಾಗಬಲ್ಲ ಅಪರಾಧ. ಕಲಂ 160ಕ್ಕೆ ಗರಿಷ್ಠ ಶಿಕ್ಷೆ ಒಂದು ತಿಂಗಳ ಸಜೆ ಅಥವಾ ₹100 ದಂಡ ಅಥವಾ ಎರಡೂ. ಆದರೆ ಇಲ್ಲಿ ನೊಂದವರು ಸಾರ್ವಜನಿಕರು ಎಂಬ ಭಾವನೆ ಇರುವುದರಿಂದಲೋ ಏನೋ, ರಾಜಿಯಾಗಬಲ್ಲ ಅಪರಾಧಗಳ ಪಟ್ಟಿಯಲ್ಲಿ ಇದಿಲ್ಲ. ಹೀಗಾಗಿ ಅದೇ ಜಗಳದಲ್ಲಿ ಪೊಲೀಸರು ಇನ್ನೂ ದೊಡ್ಡ ಕಲಂ ಹಾಕಿದ್ದಿದ್ದರೆ ಹುಡುಗರು ರಾಜಿಯಾಗಿ ಖುಲಾಸೆ ಪಡೆದು ಇಂದು ಕಳಂಕವಿಲ್ಲದೆ ಇರಬಹುದಿತ್ತು, ಸಣ್ಣ ಕಲಂ ಹಾಕಿದ್ದರಿಂದಲೇ ದೋಷಿಗಳಾಗಿ ಉಳಿದರು. ಅರ್ಜಿಯನ್ನು ಪರಿಶೀಲಿಸಲು ಕೂತ ಸಂಸ್ಥೆಯ ಸಮಿತಿಯಲ್ಲಿದ್ದ ವಕೀಲರು ಈ ಅಂಶವನ್ನು ಬಿಡಿಸಿ ಹೇಳುವವರೆಗೂ ಉಳಿದ ಸದಸ್ಯರು ‘ಶಿಕ್ಷೆಯಾಗಿದೆ’ ಎಂಬ ಒಂದೇ ಪದವನ್ನು ಹಿಡಿದು ಕೂತಿದ್ದರು.

ಇನ್ನೊಂದು ದಾರಿಯೂ ಅಂದು ತೆರೆದಿತ್ತು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ನ್ಯಾಯಾಲಯವು ಇಂಥ ಪ್ರಕರಣದಲ್ಲಿ ದಂಡದ ಬದಲು ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಬಹುದಿತ್ತು. ಹಾಗಾಗಿದ್ದರೆ ಅದೇ ಕಾಯ್ದೆಯ ಕಲಂ 12ರಂತೆ ಶಿಕ್ಷೆಯ ಕಾರಣಕ್ಕೆ ಅಂಟಿಕೊಳ್ಳುವ ಅನರ್ಹತೆಗಳು ಅವರಿಗೆ ಅಂಟುತ್ತಿರಲಿಲ್ಲ. ಯಾರೂ ಕೇಳಲಿಲ್ಲ, ಆದ್ದರಿಂದ ಸಿಗಲಿಲ್ಲ. ₹100 ಕಟ್ಟುವುದೇ ಸುಲಭ ಎಂದು ಆ ದಿನ ಎಲ್ಲರಿಗೂ ಕಂಡಿತ್ತು.

ಅರ್ಜಿದಾರರು ಆಗ 18 ತುಂಬದವರಾಗಿದ್ದರೆ ಈ ಅಧ್ಯಯನವೇ ಬೇಕಿರಲಿಲ್ಲ. ಬಾಲಾಪರಾಧಕ್ಕೆ ಸಂಬಂಧಿಸಿದ ಅನರ್ಹತೆಯನ್ನು 2015ರ ಬಾಲನ್ಯಾಯ ಕಾಯ್ದೆಯ ಕಲಂ 24 ತೆಗೆದುಹಾಕುತ್ತದೆ, ದಾಖಲೆಗಳನ್ನು ನಿಗದಿತ ಅವಧಿಯ ನಂತರ ನಾಶಪಡಿಸಬೇಕೆಂದೂ ಹೇಳುತ್ತದೆ. 16 ದಾಟಿ ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೆ ಒಳಗಾದವರು ಮಾತ್ರ ಇದಕ್ಕೆ ಹೊರತು. 17ಕ್ಕೂ 20ಕ್ಕೂ ಬುದ್ಧಿಯಲ್ಲಿ ಎಷ್ಟು ಅಂತರವಿರುತ್ತದೋ ಹೇಳುವುದು ಕಷ್ಟ. ಕಾನೂನಿನಲ್ಲಿ ಮಾತ್ರ ಅಂತರ ಅಗಾಧ.

ವರದಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ವೆರಿಫಿಕೇಷನ್ ವರದಿಯಲ್ಲಿದ್ದುದು ಠಾಣೆಯ ಅಪರಾಧ ಸಂಖ್ಯೆ, ಕಲಂ ಮತ್ತು ‘ಶಿಕ್ಷೆಯಾಗಿದೆ’ ಎಂಬ ಷರಾ, ಇಷ್ಟೇ. ಅದನ್ನು ಓದಿದ ಪೋಷಕರ ಪ್ರತಿನಿಧಿಗೆ ಮೊದಲು ಕಂಡದ್ದು ಹೊಡೆದಾಟ ಮಾಡಿದ ಮನುಷ್ಯ. ಆ ನಡುವೆ ಯಾರೋ ಮೊಬೈಲಿನಲ್ಲಿ ನ್ಯಾಯಾಲಯಗಳ ಪ್ರಕರಣಗಳ ವಿವರ ಸಿಗುವ ಇ-ಕೋರ್ಟ್ಸ್ ಜಾಲತಾಣ ತೆರೆದು ಅರ್ಜಿದಾರರ ಹೆಸರು ಹಾಕಿ ಹುಡುಕತೊಡಗಿದರು. ಅದೇ ಹೆಸರಿನ ಬೇರೆ ಬೇರೆ ಜನರ ಪ್ರಕರಣಗಳು ಸಾಲಾಗಿ ಬಂದವು. ಹೆಸರಿನ ಹುಡುಕಾಟವನ್ನು ಆಧಾರವಾಗಿಟ್ಟುಕೊಂಡು ಒಬ್ಬರ ಚಾರಿತ್ರ್ಯ ನಿರ್ಧರಿಸುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಅಲ್ಲಿಯೇ ಸಾಕ್ಷ್ಯ ಸಿಕ್ಕಿತು, ಹುಡುಕಾಟ ನಿಂತಿತು.

ವಕೀಲ ಸದಸ್ಯರ ಸಲಹೆಯಂತೆ ಅರ್ಜಿದಾರರು ನ್ಯಾಯಾಲಯದಿಂದ ಆದೇಶದ ದೃಢೀಕೃತ ನಕಲು ತಂದರು. ಒಂದೇ ಹಾಳೆ. ಆರೋಪಿಗಳು ಸ್ವಇಚ್ಛೆಯಿಂದ ತಪ್ಪೊಪ್ಪಿಕೊಂಡಿರುತ್ತಾರೆ, ತಲಾ ₹100 ದಂಡ, ಕಟ್ಟಲು ತಪ್ಪಿದಲ್ಲಿ ಸಾದಾ ಸಜೆ, ದಂಡ ಪಾವತಿಯಾಗಿದೆ ಎಂಬಷ್ಟು ವಿವರ ಮಾತ್ರ ಅದರಲ್ಲಿತ್ತು. ಆದರೆ ವರದಿಯಲ್ಲಿ ಇಲ್ಲದ ಎರಡು ಸಂಗತಿ ಇದರಿಂದ ತಿಳಿದವು: ಆಯುಧದ ಮಾತೇ ಇರಲಿಲ್ಲ, ಮಕ್ಕಳಾಗಲಿ ಮಹಿಳೆಯರಾಗಲಿ ಗುರಿಯಾದ ಪ್ರಸಂಗವೂ ಆಗಿರಲಿಲ್ಲ. ದೋಷಾರೋಪ ಪಟ್ಟಿಯ ನಕಲನ್ನೂ ಕೇಳಬಹುದಿತ್ತು. ಈ ಪ್ರಕರಣದಲ್ಲಿ ಆದೇಶವೇ ಸಾಕಾಯಿತು.

ನಿಯಮ ಮಾತನಾಡುವುದು ನೌಕರರ ಬಗ್ಗೆ

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಡಿ 2020ರ ಮಾರ್ಚ್‌ನಲ್ಲಿ ಜಾರಿಗೆ ಬಂದ ನಿಯಮಗಳು, ಮಕ್ಕಳೊಡನೆ ನಿಯತ ಸಂಪರ್ಕವಿರುವ ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿ ಮುಂತಾದ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕೆಂದು ಹೇಳುತ್ತವೆ. ಬೋಧಕರು, ಬೋಧಕೇತರರು, ಕಾಯಂ ನೌಕರರು, ಗುತ್ತಿಗೆಯವರು ಎಲ್ಲರೂ ಅದರಲ್ಲಿ ಸೇರುತ್ತಾರೆ. ಸ್ವಯಂಸೇವಕ ಎಂಬ ಪದ ಮಾತ್ರ ಅಲ್ಲಿಲ್ಲ. ಎಚ್ಚರವುಳ್ಳ ಸಂಸ್ಥೆಗಳು ಸ್ವಯಂಸೇವಕರಿಗೂ ಅದನ್ನೇ ಅನ್ವಯಿಸುತ್ತವೆ, ಹಾಗೆ ಮಾಡುವುದೇ ಸರಿ. ಆದರೆ ಪರಿಶೀಲನೆಯಲ್ಲಿ ಸಣ್ಣ ನಮೂದು ಬಂದರೆ ಏನು ಮಾಡಬೇಕು ಎಂಬುದನ್ನು ನಿಯಮ ಹೇಳುವುದಿಲ್ಲ. ಯಾವ ಅಪರಾಧ ಪೂರ್ತಿ ತಡೆ, ಯಾವುದು ಅಲ್ಲ, ಎಷ್ಟು ವರ್ಷ ಕಳೆದರೆ ಲೆಕ್ಕಕ್ಕಿಲ್ಲ ಎಂಬ ತೀರ್ಮಾನವೆಲ್ಲ ಸಂಸ್ಥೆಯ ತಲೆಯ ಮೇಲೆ ಬೀಳುತ್ತದೆ.

ಬ್ರಿಟನ್ನಿನಲ್ಲಿ 1974ರಿಂದಲೇ ಅಪರಾಧಿಗಳ ಪುನರ್ವಸತಿ ಕಾಯ್ದೆ ಇದೆ. ಹಲವು ಹಳೆಯ ಶಿಕ್ಷೆಗಳು ನಿಗದಿತ ಕಾಲ ಕಳೆದ ಮೇಲೆ ಮುಗಿದುಹೋದವು ಎಂದು ಅದು ಪರಿಗಣಿಸುತ್ತದೆ. ಮಕ್ಕಳೊಡನೆ ಕೆಲಸಕ್ಕೆ ಅಲ್ಲಿ ಹೆಚ್ಚು ಆಳದ ಪರಿಶೀಲನೆ ನಡೆಯುತ್ತದೆ, ಆದರೂ ಅದರಿಂದಲೂ ಕೆಲವು ಹಳೆಯ ಸಣ್ಣ ಶಿಕ್ಷೆಗಳನ್ನು ಸೋಸಿ ತೆಗೆಯುವ ನಿಯಮಗಳಿವೆ. ಭಾರತದಲ್ಲಿ ವಯಸ್ಕರಿಗೆ ಅಂಥ ಸಾಮಾನ್ಯ ಕಾಯ್ದೆ ಇಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ಹರಿಯಾಣದ ಕೆಳದರ್ಜೆಯ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ ಇದೇ ನೋವನ್ನು ಗುರುತಿಸಿತ್ತು. ಸಾರ್ವಜನಿಕ ಸ್ಥಳದಲ್ಲಿನ ಅಶ್ಲೀಲ ವರ್ತನೆಗೆ ಸಂಬಂಧಿಸಿದ, ದಂಡ ಸಂಹಿತೆಯ ಕಲಂ 294ರಡಿ ₹20 ದಂಡ ಕಟ್ಟಿದ್ದ ಅವರು ಆ ಕಾರಣಕ್ಕೆ ಕೆಲಸ ಕಳೆದುಕೊಂಡಿದ್ದರು. ಆ ಶಿಕ್ಷೆಯಷ್ಟರಿಂದಲೇ ನೈತಿಕ ಅಧಃಪತನ ಸಾಬೀತಾಗುವುದಿಲ್ಲ ಎಂದ ನ್ಯಾಯಾಲಯ, ಸಾವಿರಾರು ಜನ ಸಣ್ಣಪುಟ್ಟ ದಂಡ ಕಟ್ಟಿ ಹೋಗುವ ಈ ದೇಶದಲ್ಲಿ ₹2,000ದಂಥ ಒಂದು ಮಿತಿಯವರೆಗಿನ ದಂಡವನ್ನು ಯಾವ ಉದ್ದೇಶಕ್ಕೂ ಶಿಕ್ಷೆ ಎಂದು ಪರಿಗಣಿಸದಂತೆ ಸಂಸತ್ತು ಕಾನೂನು ಮಾಡಬೇಕು ಎಂದು ಸೂಚಿಸಿತ್ತು. ಆ ಸಲಹೆ ಸಾಮಾನ್ಯ ಕಾನೂನಾಗಿ ರೂಪ ತಾಳಲಿಲ್ಲ. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅರ್ಜಿದಾರರ ಮೇಲಿದ್ದ ಕಲಂ 160ರ ಅಪರಾಧ ಕಲಂ 194 ಆಗಿದೆ, ದಂಡದ ಮಿತಿ ₹1,000ಕ್ಕೆ ಏರಿದೆ. ಅದೇ ಸಂಹಿತೆ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನೇ ಶಿಕ್ಷೆಯಾಗಿ ತಂದಿದೆ ಎಂಬುದನ್ನು ಇಲ್ಲಿ ನೆನೆಯದೆ ಇರಲಾಗದು: ಶಿಕ್ಷೆಯಾಗಿ ಸೇವೆ ಮಾಡಿಸಬಹುದು, ಶಿಕ್ಷೆ ಮುಗಿದವನು ತಾನಾಗಿ ಸೇವೆಗೆ ಬಂದರೆ ಬಾಗಿಲಲ್ಲೇ ಅನುಮಾನ.

ಸಮಿತಿಯ ಚರ್ಚೆ

ಕಾರ್ಯದರ್ಶಿಗಳ ನಿಲುವು ನೇರವಾಗಿತ್ತು: ಕೇಸು ಇದ್ದವರನ್ನು ಸೇರಿಸಿಕೊಂಡು ನಾಳೆ ಏನಾದರೂ ಆದರೆ ಪೋಷಕರಿಗೆ ಏನು ಹೇಳುವುದು? ಈ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ತನ್ನ ಅಧೀನದವರು ಎಸಗಿದ ಅಪರಾಧವನ್ನು ಪೊಲೀಸರಿಗೆ ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಪೋಕ್ಸೊ ಕಾಯ್ದೆಯ ಕಲಂ 21 ಒಂದು ವರ್ಷದವರೆಗೆ ಸಜೆ ವಿಧಿಸುತ್ತದೆ, ಆದ್ದರಿಂದ ಹೊಣೆ ಹೊತ್ತವರು ಅಳುಕುವುದು ಸಹಜ. ಆದರೆ ಅಳುಕಿಗೂ ಈ ನಮೂದಿಗೂ ಏನು ಸಂಬಂಧ ಎಂದು ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಸದಸ್ಯೆ ಕೇಳಿದರು. ಸಂಸ್ಥೆ ಹೆದರಬೇಕಾದ್ದು ಮಕ್ಕಳ ನಂಬಿಕೆಯನ್ನು ದುರುಪಯೋಗ ಮಾಡಿಕೊಳ್ಳುವವರಿಗೆ. ಪಂದ್ಯ ಮುಗಿದ ಮೇಲಿನ ಬೀದಿ ಜಗಳ ಅದರ ಸುಳಿವಲ್ಲ. ಅದು ಏನಾದರೂ ಹೇಳಬಹುದಾದರೆ ಸಿಟ್ಟಿನ ಬಗ್ಗೆ. ಫುಟ್‌ಬಾಲ್ ಅಂಗಳದಲ್ಲಿ ನಿಲ್ಲಲಿರುವವರ ವಿಷಯದಲ್ಲಿ ಆ ಒಂದು ಪ್ರಶ್ನೆ ಕೇಳಿದರೆ ತಪ್ಪಿಲ್ಲ ಎಂದೂ ಅವರು ಸೇರಿಸಿದರು.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇಲ್ಲಿದೆ. ಅಪರಾಧ ಸಣ್ಣದೋ ದೊಡ್ಡದೋ ಎಂದು ಅಳೆಯುವುದರಿಂದ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಆ ಅಪರಾಧಕ್ಕೂ ಈಗ ಕೊಡಲಿರುವ ಕೆಲಸಕ್ಕೂ ನಂಟು ಇದೆಯೇ ಎಂದು ನೋಡಿದಾಗಲೇ ಉಳಿದರ್ಧ ದೊರಕುತ್ತದೆ. ಕುಡಿದು ವಾಹನ ಓಡಿಸಿ ಮೋಟಾರು ವಾಹನ ಕಾಯ್ದೆಯ ಕಲಂ 185ರಡಿ ಕಳೆದ ವರ್ಷ ದಂಡ ಕಟ್ಟಿದವರು ಗಣಿತ ಹೇಳಿಕೊಡಲು ಅಡ್ಡಿಯಿರಲಿಕ್ಕಿಲ್ಲ, ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ವ್ಯಾನಿನ ಚಕ್ರ ಅವರ ಕೈಗೆ ಕೊಡಲಾಗದು. ಹಣ ದುರುಪಯೋಗದ ಪ್ರಕರಣದಲ್ಲಿ ಸಿಕ್ಕಿದವರು ಅಂಗಳದಲ್ಲಿ ಇರಬಹುದು, ದೇಣಿಗೆಯ ಪೆಟ್ಟಿಗೆಯ ಬಳಿ ಬೇಡ. ಮಗುವಿನ ಮೇಲಿನ ಯಾವುದೇ ದೌರ್ಜನ್ಯಕ್ಕೆ ಶಿಕ್ಷೆಯಾಗಿದ್ದರೆ ಚರ್ಚೆಯ ಅಗತ್ಯವೇ ಇಲ್ಲ. ಅಲ್ಲಿ ಕಾಲ ಎಷ್ಟು ಕಳೆದಿದ್ದರೂ ಉತ್ತರ ಒಂದೇ.

ನಂತರ ‘ಇಲ್ಲ’ ಎಂಬ ಗುರುತಿನ ವಿಷಯ ಬಂತು. ಸಮಿತಿ ಹೆಚ್ಚು ಹೊತ್ತು ಕಳೆದದ್ದೂ ಇದರ ಮೇಲೆಯೇ. ಪರಿಶೀಲನಾ ನಮೂನೆಯಲ್ಲಿ ಮಾಹಿತಿ ಮುಚ್ಚಿಟ್ಟ ನೌಕರರ ಬಗ್ಗೆ 2016ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದು ಇಂಥ ಸಂದರ್ಭಕ್ಕೆ ದಾರಿದೀಪ. ಅದು ಸೇವಾ ನೇಮಕಾತಿಯ ಕುರಿತಾದದ್ದು, ಸ್ವಯಂಸೇವೆಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಅದರ ತರ್ಕ ಬಳಸಬಹುದು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾಗಿದ್ದು, ಮೊದಲೇ ತಿಳಿಸಿದ್ದರೂ ಅಭ್ಯರ್ಥಿ ಅನರ್ಹನಾಗುತ್ತಿರಲಿಲ್ಲ ಎಂಬಂತಿದ್ದರೆ, ಮುಚ್ಚಿಟ್ಟದ್ದನ್ನು ಮನ್ನಿಸುವ ವಿವೇಚನೆ ಉದ್ಯೋಗದಾತರಿಗೆ ಇದೆ ಎಂದು ಆ ತೀರ್ಪು ಹೇಳಿತು. ಕೇಳಿದ ಪ್ರಶ್ನೆ ಸ್ಪಷ್ಟವಾಗಿರಬೇಕು, ನಿರ್ದಿಷ್ಟವಾಗಿ ಕೇಳಿದ ಮಾಹಿತಿಯನ್ನೇ ತಿಳಿಸಬೇಕಾಗುತ್ತದೆ ಎಂಬ ಅಂಶವೂ ಅದರಲ್ಲಿದೆ.

ಅರ್ಜಿದಾರರ ವಿವರಣೆ ಅರ್ಧ ಮಾತ್ರ ಒಪ್ಪುವಂಥದ್ದು. ದಂಡವೂ ಶಿಕ್ಷೆಯೇ ಎಂಬುದು ತಿಳಿದಿರಲಿಲ್ಲ ಎಂದರೆ ನಂಬಬಹುದು. ಆದರೆ ಪ್ರಕರಣ ದಾಖಲಾಗಿದ್ದು ತಿಳಿದಿರಲಿಲ್ಲ ಎನ್ನಲಾಗದು, ಪ್ರಶ್ನೆಯಲ್ಲಿ ಅದೂ ಇತ್ತು. ಇದನ್ನು ಮುಖಕ್ಕೆ ಮುಖ ಕೇಳಿದಾಗ ಅವರು ಸ್ವಲ್ಪ ತಡೆದು, ಬರೆದರೆ ಅರ್ಜಿಯನ್ನು ಓದದೆಯೇ ಬದಿಗಿಡುತ್ತಾರೆ ಎಂಬ ಹೆದರಿಕೆಯಿತ್ತು ಎಂದು ಒಪ್ಪಿಕೊಂಡರು. ಆ ಹೆದರಿಕೆಗೆ ಆಧಾರವಿತ್ತು ಎಂಬುದನ್ನೂ ಹೇಳಬೇಕು: ಅಲ್ಲಿಯವರೆಗೆ ‘ಹೌದು’ ಎಂದು ಬರೆದ ಅರ್ಜಿಗಳನ್ನು ಸಂಸ್ಥೆ ಬದಿಗಿಡುತ್ತಲೇ ಬಂದಿತ್ತು. ನಿಜ ಹೇಳಿದವರನ್ನು ಹೊರಗಿಟ್ಟು ಹೇಳದವರನ್ನು ಒಳಗೆ ಬಿಡುವ ನಮೂನೆ ಮಕ್ಕಳನ್ನು ಕಾಪಾಡುವುದಿಲ್ಲ.

ತೀರ್ಮಾನ ಮತ್ತು ಅದರಿಂದ ಹೊರಬಿದ್ದ ಇನ್ನೊಂದು ಸಂಗತಿ

ಸಮಿತಿ ಅರ್ಜಿದಾರರನ್ನು ಆರು ತಿಂಗಳ ಅವಧಿಗೆ ಸೇರಿಸಿಕೊಂಡಿತು. ಅವರ ಕೆಲಸವನ್ನು ಹತ್ತಿರದಿಂದ ಕಂಡ ಇಬ್ಬರಿಂದ ಅಭಿಪ್ರಾಯ ಪತ್ರ ತರಿಸಿಕೊಂಡಿತು. ಇನ್ನೊಬ್ಬ ವಯಸ್ಕರು ಜೊತೆಯಲ್ಲಿರುವಾಗ ಮಾತ್ರ ಪಾಠ, ಮಕ್ಕಳ ಜೊತೆ ಖಾಸಗಿ ಫೋನ್ ಅಥವಾ ವಾಟ್ಸ್‌ಆ್ಯಪ್ ಸಂಪರ್ಕವಿಲ್ಲ, ಯಾವ ಮಗುವನ್ನೂ ಒಬ್ಬರೇ ಮನೆಗೆ ಬಿಡುವಂತಿಲ್ಲ ಎಂಬ ಷರತ್ತುಗಳನ್ನು ಹಾಕಿತು.

ಷರತ್ತುಗಳನ್ನು ಬರೆಯುತ್ತಿದ್ದಾಗ ಸಂಯೋಜಕಿ ಒಂದು ವಿಷಯ ಎತ್ತಿದರು. ಸ್ವಚ್ಛ ವರದಿ ಪಡೆದ ಹಳೆಯ ಸ್ವಯಂಸೇವಕರೊಬ್ಬರು ತಡವಾದಾಗಲೆಲ್ಲ ಒಬ್ಬಿಬ್ಬರು ಮಕ್ಕಳನ್ನು ತಮ್ಮ ಬೈಕಿನಲ್ಲಿ ಮನೆಗೆ ಬಿಟ್ಟು ಬರುತ್ತಾರೆ. ಮನೆ ತಲುಪಿದ ಸಮಯವನ್ನು ಯಾರೂ ಬರೆದಿಡುವುದಿಲ್ಲ. ಅವರ ಮೇಲೆ ಯಾರಿಗೂ ಸಂಶಯವಿರಲಿಲ್ಲ, ಸಂಶಯಪಡಲು ಕಾರಣವೂ ಇರಲಿಲ್ಲ. ಆದರೆ ವರದಿಯಲ್ಲಿ ಏನೂ ಇಲ್ಲ ಎಂದರೆ ದಾಖಲೆಗೆ ಬಂದದ್ದು ಏನೂ ಇಲ್ಲ ಎಂದಷ್ಟೇ ಅರ್ಥ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಿಂದ ಇದೆ, ಅದನ್ನು ನೋಡುವ ಅಧಿಕಾರ ಇರುವುದು ತನಿಖಾ ಸಂಸ್ಥೆಗಳಿಗೆ ಮಾತ್ರ. ಸ್ವಯಂಸೇವಾ ಸಂಸ್ಥೆಯ ಕೈಗೆ ಅದು ಸಿಗುವುದಿಲ್ಲ. ಹೀಗಿರುವಾಗ ₹100 ದಂಡದ ಮನುಷ್ಯನ ಮೇಲೆ ಹಾಕಿದ ಷರತ್ತುಗಳು ನಿಜಕ್ಕೂ ಎಲ್ಲರಿಗೂ ಬೇಕಾದವು ಎಂಬುದು ಸಮಿತಿಗೆ ಹೊಳೆಯಿತು. ಅದೇ ಸಭೆಯಲ್ಲಿ ಅವು ಎಲ್ಲ ಸ್ವಯಂಸೇವಕರ ನಿಯಮವಾದವು. ಅರ್ಜಿದಾರರಿಗೆಂದು ಪ್ರತ್ಯೇಕವಾಗಿ ಉಳಿದದ್ದು ಆರು ತಿಂಗಳ ನಂತರದ ಮರುಪರಿಶೀಲನೆ ಮಾತ್ರ; ಅದಕ್ಕೆ ಕಾರಣ ಹಳೆಯ ಜಗಳವಲ್ಲ, ಫಾರ್ಮಿನ ‘ಇಲ್ಲ’ ಎಂದು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿಡಲಾಯಿತು.

ಪೋಷಕರಿಗೆ ಇದನ್ನು ತಿಳಿಸಬೇಕೇ ಎಂಬ ಬಗ್ಗೆ ಒಮ್ಮತ ಬರಲಿಲ್ಲ. ಮಗುವನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇವೆ ಎಂದು ತಿಳಿಯುವ ಹಕ್ಕು ತಮಗಿದೆ ಎಂದು ಪೋಷಕರ ಪ್ರತಿನಿಧಿ ವಾದಿಸಿದರು. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಒಂದು ಗುಂಪಿಗೆ ಹೋದ ಸುದ್ದಿ ಸಂಜೆಯೊಳಗೆ ‘ಕ್ರಿಮಿನಲ್ ಪಾಠ ಮಾಡ್ತಾನೆ’ ಎಂದಾಗುವುದನ್ನು ತಡೆಯಲು ಯಾರಿಂದಲೂ ಆಗದು. ಕೊನೆಗೆ ಬಹುಮತದಿಂದ, ಪರಿಶೀಲನೆಯ ವಿಧಾನವನ್ನೂ ಎಲ್ಲರಿಗೂ ಅನ್ವಯಿಸುವ ನಿಯಮಗಳನ್ನೂ ಪೋಷಕರಿಗೆ ತಿಳಿಸುವುದು, ವ್ಯಕ್ತಿಯ ವಿವರವನ್ನು ಮುಚ್ಚಿದ ಲಕೋಟೆಯಲ್ಲಿ ಅಧ್ಯಕ್ಷರು, ಸಂಯೋಜಕಿ ಮತ್ತು ರಕ್ಷಣಾ ಹೊಣೆಯ ಸದಸ್ಯೆ ಈ ಮೂವರಿಗೆ ಮಾತ್ರ ಇಡುವುದು ಎಂದು ತೀರ್ಮಾನವಾಯಿತು. ಪೋಷಕರ ಪ್ರತಿನಿಧಿ ತಮ್ಮ ಭಿನ್ನಮತವನ್ನು ನಡವಳಿ ಪುಸ್ತಕದಲ್ಲಿ ಬರೆಸಿದರು.

ನಮೂನೆಯ ಪ್ರಶ್ನೆಯನ್ನೂ ಬದಲಿಸಲಾಯಿತು. ಈಗ ಅದು ಎರಡಾಗಿದೆ: 18 ತುಂಬಿದ ನಂತರ ನ್ಯಾಯಾಲಯ ನಿಮ್ಮನ್ನು ಯಾವುದಾದರೂ ಅಪರಾಧದಲ್ಲಿ ದೋಷಿ ಎಂದು ತೀರ್ಮಾನಿಸಿದೆಯೇ, ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದೂ ಸೇರಿದಂತೆ, ಈಗ ಯಾವುದಾದರೂ ಪ್ರಕರಣ ವಿಚಾರಣೆಯಲ್ಲಿದೆಯೇ. ಖುಲಾಸೆಯಾದ ಪ್ರಕರಣಗಳನ್ನು ಬರೆಯಬೇಕಿಲ್ಲ ಎಂದು ಕೆಳಗೇ ಅಚ್ಚಾಗಿದೆ. ಮಕ್ಕಳಿಗೆ ಸಂಬಂಧಿಸಿದ ಆರೋಪವಾಗಿದ್ದರೆ ಮಾತ್ರ ಹೇಗೆ ಇತ್ಯರ್ಥವಾಯಿತು ಎಂಬುದನ್ನು ತಿಳಿಸಬೇಕು. ‘ಹೌದು’ ಎಂದು ಬರೆದ ಮಾತ್ರಕ್ಕೆ ಅರ್ಜಿ ತಿರಸ್ಕೃತವಾಗುವುದಿಲ್ಲ, ಆದೇಶದ ನಕಲು ನೋಡಿ, ಮಾತನಾಡಿಸಿ ತೀರ್ಮಾನಿಸಲಾಗುವುದು ಎಂಬ ಸಾಲೂ ಸೇರಿದೆ.

ಆರು ತಿಂಗಳ ಮರುಪರಿಶೀಲನೆ ಹೆಚ್ಚು ಮಾತಿಲ್ಲದೆ ಮುಗಿಯಿತು. ಆದರೆ ಪೊಲೀಸ್ ಪರಿಶೀಲನೆ ಕಾಲಕಾಲಕ್ಕೆ ಆಗಬೇಕಾದ್ದರಿಂದ ಪ್ರತಿ ಬಾರಿಯೂ 2012ರ ಅದೇ ನಮೂದು ಮತ್ತೆ ಬರುತ್ತದೆ, ಅಷ್ಟರಲ್ಲಿ ಸಮಿತಿಯ ಸದಸ್ಯರು ಬದಲಾಗಿರುತ್ತಾರೆ. ಅದಕ್ಕಾಗಿ ಆದೇಶದ ನಕಲನ್ನೂ ತೀರ್ಮಾನದ ಕಾರಣಗಳನ್ನು ಬರೆದ ಒಂದು ಪುಟದ ಟಿಪ್ಪಣಿಯನ್ನೂ ಅದೇ ಲಕೋಟೆಯಲ್ಲಿ ಸೇರಿಸಿ, ಅರ್ಜಿದಾರರ ಕೈಗೂ ಒಂದು ಸಹಿ ಮಾಡಿದ ಪ್ರತಿ ಕೊಡಲಾಗಿದೆ.